ಬಿಟ್ಟ ಎಳೆತಗಳು

ಜನವರಿ 9, ಸೋಮವಾರ

ಹೊಸ ಇಲಿಗಳು ಬಂದವು. ಒಟ್ಟು ನಲವತ್ತು: ಮೂವತ್ತು ರೋಗದವು, ಹತ್ತು ಬರೀ ಹೋಲಿಕೆಗೆ, ಆರೋಗ್ಯದವು. ಎಲ್ಲವೂ ಕಪ್ಪು, ಎಲ್ಲವೂ ಒಂದೇ ಗಾತ್ರ. ಈ ವಯಸ್ಸಿನಲ್ಲಿ ರೋಗದ ಇಲಿಯೂ ಓಡುತ್ತದೆ, ಪಂಜರದ ಮುಚ್ಚಳಕ್ಕೆ ಜೋತುಬಿದ್ದು ಆಡುತ್ತದೆ. ಸ್ನಾಯು ಸೋಲತೊಡಗುವುದು ಇನ್ನು ಕೆಲವು ವಾರಗಳಲ್ಲಿ. ಒಂದು ಹೊಸ ಔಷಧ ಆ ಸೋಲನ್ನು ತಡೆಯುತ್ತದೆಯೇ ಎಂದು ನೋಡುವುದು ನಮ್ಮ ಕೆಲಸ. ಹನ್ನೆರಡು ವಾರ.

ಪ್ರಯೋಗ ನಡೆಸುವ ಮೇಡಂ ಎಲ್ಲರನ್ನೂ ಕೂರಿಸಿಕೊಂಡು ನಿಯಮ ಹೇಳಿದರು. ಔಷಧ ಕೋಣೆಯಿಂದ ಎರಡು ಬಗೆಯ ಸೀಸೆ ಬರುತ್ತವೆ, ಕೆಂಪು ಮುಚ್ಚಳದ್ದು, ಹಳದಿ ಮುಚ್ಚಳದ್ದು. ಒಂದರಲ್ಲಿ ಔಷಧ, ಇನ್ನೊಂದರಲ್ಲಿ ಬರೀ ಸಾದಾ ದ್ರಾವಣ. ಯಾವುದು ಯಾವುದೆಂದು ಔಷಧ ಕೋಣೆಯವರಿಗೆ ಬಿಟ್ಟರೆ ಮೇಡಂಗೂ ಗೊತ್ತಿಲ್ಲ. ದಿನಾ ಬೆಳಿಗ್ಗೆ ಇಲಿಗಳ ಬಾಯಿಗೆ ಹನಿ ಹಾಕುವವನು ನನ್ನ ಜೊತೆಗಾರ ಮೌನಿ. (ಅವನ ಬಾಯಿ ಒಂದು ನಿಮಿಷವೂ ಸುಮ್ಮನಿರುವುದಿಲ್ಲ, ಅದಕ್ಕೇ ಆ ಹೆಸರು.) ಪ್ರತಿ ಶುಕ್ರವಾರ ಅವುಗಳ ಶಕ್ತಿ ಅಳೆಯುವವಳು ನಾನು. ಯಾವ ಪಂಜರಕ್ಕೆ ಯಾವ ಮುಚ್ಚಳ ಎಂಬುದು ನನಗೆ ತಿಳಿಯಬಾರದು.

"ನಿಮ್ಮ ಕೈ ಮೇಲೆ ನಂಗೆ ಪೂರ್ತಿ ನಂಬಿಕೆ ಇದೆ," ಎಂದರು ಮೇಡಂ. "ಆದ್ರೂ ಆ ಕೈಗೆ ಏನೂ ಗೊತ್ತಿರಬಾರ್ದು."

ಈ ಇಲಿಗಳಲ್ಲಿ ಕೆಡಿಸಿರುವ ಜೀನೂ ನನ್ನ ತಂಗಿಯಲ್ಲಿ ಹುಟ್ಟಿನಿಂದಲೇ ಕೆಟ್ಟಿರುವ ಜೀನೂ ಒಂದೇ. ಇದನ್ನು ಮೇಡಂಗೆ ಹೇಳಬೇಕಿತ್ತು, ಹೇಳಲಿಲ್ಲ. ಹೇಳಿದ್ದರೆ ನನ್ನನ್ನು ಅಳತೆಯಿಂದ ತೆಗೆಯುತ್ತಿದ್ದರು. ಹತ್ತೊಂಬತ್ತು ವರ್ಷ ಈ ಪ್ರಾಣಿಗೃಹದಲ್ಲಿ ಸಕ್ಕರೆ ಕಾಯಿಲೆ, ಗಡ್ಡೆ, ಮೂಳೆ ಸವೆತ ಎಂದು ಯಾರಾರದೋ ರೋಗಗಳ ಚಾಕರಿ ಮಾಡಿ, ಕೊನೆಗೂ ನಮ್ಮ ಮನೆಯ ಕಾಯಿಲೆಯ ಸರದಿ ಬಂದಾಗ ನಾನು ಪಂಜರ ತೊಳೆಯುತ್ತ ನಿಲ್ಲಬೇಕೇ?

ನಮ್ಮ ಮನೆ ಎರಡನೇ ಮಹಡಿಯಲ್ಲಿ. ಮೆಟ್ಟಿಲು ಮೂವತ್ತೆಂಟು. ಇವತ್ತು ತಂಗಿ ಹತ್ತಲು ತೆಗೆದುಕೊಂಡದ್ದು ನಾಲ್ಕು ನಿಮಿಷ ಹತ್ತು ಸೆಕೆಂಡು.

ಜನವರಿ 13, ಶುಕ್ರವಾರ

ಔಷಧ ಶುರುವಾಗುವ ಮೊದಲಿನ ಅಳತೆ. ಯಂತ್ರಕ್ಕೆ ಒಂದು ಸಣ್ಣ ತಂತಿಜಾಲರಿ ಜೋಡಿಸಿರುತ್ತದೆ. ಇಲಿಯ ಬಾಲ ಹಿಡಿದು ಜಾಲರಿಯ ಹತ್ತಿರ ತಂದರೆ ಅದು ಮುಂಗಾಲುಗಳಿಂದ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ನಾನು ಮೆಲ್ಲಗೆ, ಒಂದೇ ವೇಗದಲ್ಲಿ ಹಿಂದಕ್ಕೆ ಎಳೆಯಬೇಕು. ಅದು ಕೈಬಿಡುವ ಕ್ಷಣದಲ್ಲಿ ಎಷ್ಟು ಗ್ರಾಂ ಬಲ ಇತ್ತೆಂದು ಯಂತ್ರ ತೋರಿಸುತ್ತದೆ. ಒಂದೊಂದು ಇಲಿಗೆ ಐದು ಎಳೆತ.

ಇಲಿ ಸರಿಯಾಗಿ ಹಿಡಿಯದೆ ಒಂದೇ ಕಾಲಲ್ಲಿ ಜೋತಾಡಿದರೆ ಅಥವಾ ತಿರುಗಿಬಿಟ್ಟರೆ ಆ ಎಳೆತವನ್ನು ಬಿಟ್ಟು ಇನ್ನೊಮ್ಮೆ ಎಳೆಯಬಹುದು. ರಿಜಿಸ್ಟರಿನಲ್ಲಿ ಅದಕ್ಕೊಂದು ಕಾಲಂ ಇದೆ: 'ಬಿಟ್ಟ ಎಳೆತ'. ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುವವಳು ನಾನೇ.

ಎಲ್ಲ ಸರಿಸುಮಾರು ಒಂದೇ ಬಂತು. ಒಳ್ಳೆಯ ಆರಂಭ.

ಮೆಟ್ಟಿಲು: ನಾಲ್ಕು ನಿಮಿಷ ಐದು. ಕುರ್ಚಿಯಿಂದ ಏಳಲು: ಆರು ಸೆಕೆಂಡು, ಎರಡೂ ಕೈ ಊರಿ.

ಜನವರಿ 22, ಭಾನುವಾರ

ತಂಗಿ ಪಾಠ ಮಾಡುವ ಶಾಲೆಯ ಹತ್ತಿರ ನೆಲಮಹಡಿಯ ಮನೆಯೊಂದು ಖಾಲಿಯಾಗಿದೆಯಂತೆ. ಅವಳ ಜೊತೆಯ ಗಣಿತದ ಟೀಚರು ನೋಡಿಕೊಂಡು ಬಂದಿದ್ದಾರೆ. ಬಾಗಿಲು ಅಗಲವಾಗಿದೆಯಂತೆ.

"ಅಗಲ ಯಾಕೆ?" ಎಂದೆ.

"ಗಾಲಿಕುರ್ಚಿ ಹೋಗೋಕೆ."

"ನಿಂಗ್ಯಾಕೆ ಈಗಲೇ ಗಾಲಿಕುರ್ಚಿ?"

"ಅಕ್ಕ, ಬೆಳಿಗ್ಗೆ ಶಾಲೆಗೆ ಹೋಗೋ ಹೊತ್ತಿಗೇ ನಾನು ಸುಸ್ತಾಗಿರ್ತೀನಿ. ನಕ್ಷೆ ತೋರ್ಸೋಕೆ ಕೈ ಎತ್ತಿದ್ರೆ ಕಾಲು ನಡುಗುತ್ತೆ. ಕುರ್ಚೀಲಿ ಕೂತ್ರೆ ಆ ಶಕ್ತಿ ಎಲ್ಲಾ ಪಾಠಕ್ಕೆ ಉಳಿಯುತ್ತೆ. ಡಾಕ್ಟರೂ ಅದನ್ನೇ ಹೇಳಿದ್ದು. ನಿನ್ನ ಎದುರಿಗೇ."

"ಇನ್ನೊಂದು ಆರು ತಿಂಗಳು ತಡಿ."

"ಆರು ತಿಂಗಳಿಗೆ ಏನಾಗುತ್ತೆ?"

ಇಲಿಗಳ ವಿಷಯ ಅವಳಿಗಿನ್ನೂ ಹೇಳಿಲ್ಲ. ಕೂತರೆ ಕೂತೇಬಿಡುತ್ತಾಳೆ ಎಂಬ ಭಯ ನನಗೆ. ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಜೀನಿನ ಎರಡೂ ಕೆಟ್ಟ ಪ್ರತಿಗಳು ಅವಳ ಪಾಲಿಗೇ ಬಂದವು. ನನಗೆ ಒಂದು ಬಂದಿರಬಹುದು, ಅಥವಾ ಒಂದೂ ಇಲ್ಲ. ಪರೀಕ್ಷೆ ಮಾಡಿಸಿಲ್ಲ. ಒಂದೂ ಇಲ್ಲ ಎಂದು ಬಂದರೆ ಅವಳ ಮುಖ ನೋಡುವುದು ಹೇಗೆ?

ಮೆಟ್ಟಿಲು: ನಾಲ್ಕು ನಿಮಿಷ ಇಪ್ಪತ್ತೈದು. ನಾನು ಗಡಿಯಾರ ನೋಡುವುದು ಅವಳಿಗೆ ಗೊತ್ತಾಗಿದೆ ಅನಿಸುತ್ತದೆ.

ಫೆಬ್ರವರಿ 6, ಸೋಮವಾರ

ಮೌನಿಯ ಸೊಂಟ ಹಿಡಿದುಕೊಂಡಿದೆ. ಮೇವಿನ ಚೀಲ ಎತ್ತಲು ಹೋಗಿ ಹಾಗೇ ಬಾಗಿ ನಿಂತುಬಿಟ್ಟನಂತೆ, ಆಗಲೂ ಮಾತು ನಿಲ್ಲಿಸಿರಲಿಲ್ಲವಂತೆ. ಔಷಧ ಹಾಕಲು ಬೇರೆ ಜನ ಇಲ್ಲ. ಮೇಡಂ ತುಂಬ ಯೋಚಿಸಿ, "ಎರಡೇ ದಿನ, ನೀವೇ ಹಾಕಿಬಿಡಿ. ಪಂಜರದ ನಂಬರು ಮನಸ್ಸಲ್ಲಿ ಇಟ್ಕೋಬೇಡಿ," ಎಂದರು.

ಇಟ್ಟುಕೊಳ್ಳಬಾರದು ಎಂದುಕೊಂಡೇ ಹಾಕಿದೆ. ಒಂದರಿಂದ ಐದರವರೆಗಿನ ಪಂಜರಕ್ಕೆ ಹಳದಿ, ಆರರಿಂದ ಹತ್ತಕ್ಕೆ ಕೆಂಪು. ಇದನ್ನು ಮರೆಯುವುದು ಯಾರಿಂದ ಸಾಧ್ಯ?

ಫೆಬ್ರವರಿ 7, ಮಂಗಳವಾರ

ಹಳದಿ ಮುಚ್ಚಳದ ಹನಿ ಬಿದ್ದ ಕೂಡಲೇ ಇಲಿಗಳು ಮೂತಿಯನ್ನು ಮರದ ಹೊಟ್ಟಿಗೆ ಉಜ್ಜುತ್ತವೆ, ಮುಂಗಾಲಿನಿಂದ ಬಾಯಿ ಒರೆಸಿಕೊಳ್ಳುತ್ತವೆ. ಕೆಂಪಿನವು ಸುಮ್ಮನೆ ನುಂಗಿ ತಮ್ಮ ಪಾಡಿಗೆ ಹೋಗುತ್ತವೆ. ನಿನ್ನೆಯೂ ಹಾಗೇ, ಇವತ್ತೂ ಹಾಗೇ.

ಹಳದಿ ಕಹಿ. ಸಾದಾ ದ್ರಾವಣ ಯಾಕೆ ಕಹಿಯಾಗಿರುತ್ತದೆ?

ಮೆಟ್ಟಿಲು: ನಾಲ್ಕು ನಿಮಿಷ ನಲವತ್ತು.

ಫೆಬ್ರವರಿ 10, ಶುಕ್ರವಾರ

ಹಳದಿ ಗುಂಪು ಮೇಲಕ್ಕೆ ಹೋಗಿದೆ! ಸ್ವಲ್ಪವೇ, ಆದರೆ ಹೋಗಿದೆ. ಮೂರನೇ ಪಂಜರದ, ಒಂದು ಕಿವಿ ಹರಿದಿರುವ ಇಲಿ (ನನ್ನ ಲೆಕ್ಕದಲ್ಲಿ ಕಿವಿಹರಕ) ನೂರಾ ಹತ್ತು ಗ್ರಾಂ ಎಳೆಯಿತು. ಹೋದ ವಾರ ತೊಂಬತ್ತೆಂಟಿತ್ತು. ಕೆಂಪಿನವು ಇದ್ದಲ್ಲೇ ಇವೆ.

ಬರುತ್ತ ದಾರಿಯಲ್ಲಿ ಹಣ್ಣಿನಂಗಡಿಯವನು "ಏನಮ್ಮಾ, ಇವತ್ತು ಮುಖದಲ್ಲಿ ಕಳೆ ಬಂದಿದೆ!" ಎಂದ. ಒಂದಕ್ಕೆ ಎರಡು ಪಟ್ಟು ಕಿತ್ತಳೆ ತೆಗೆದುಕೊಂಡೆ.

ಫೆಬ್ರವರಿ 17, ಶುಕ್ರವಾರ

ಹಳದಿ ಇನ್ನೂ ಮೇಲೆ.

ಫೆಬ್ರವರಿ 24, ಶುಕ್ರವಾರ

ಇವತ್ತು ಬಹಳ ಬರೆಯಬೇಕು ಅನಿಸುತ್ತಿದೆ. ಹಳದಿ ಗುಂಪಿಗೂ ಕೆಂಪಿಗೂ ಈಗ ಹದಿನೆಂಟು ಗ್ರಾಂ ವ್ಯತ್ಯಾಸ. ಹದಿನೆಂಟು! ಹತ್ತೊಂಬತ್ತು ವರ್ಷದಲ್ಲಿ ಇಷ್ಟು ಚೆಂದದ ಏರಿಕೆಯನ್ನು ನಾನು ನೋಡಿಲ್ಲ. ಕಿವಿಹರಕನಂತೂ ಜಾಲರಿ ಬಿಡಲೇ ಒಪ್ಪಲಿಲ್ಲ. ಮೊದಲ ಎರಡು ಎಳೆತದಲ್ಲಿ ಸರಿಯಾಗಿ ಹಿಡಿದಿರಲಿಲ್ಲವೆಂದು ಬಿಟ್ಟು ಮತ್ತೆ ಎಳೆದೆ, ಆಮೇಲೆ ನೋಡಬೇಕಿತ್ತು ಅವನ ಹಟ. ಹೆಸರಿಡಬಾರದೆಂಬ ನಿಯಮವನ್ನು ಹೊಸಬರಿಗೆಲ್ಲ ಹೇಳಿಕೊಡುವವಳು ನಾನು. ಈಗ ಐದು ಪಂಜರದ ಹದಿನೈದಕ್ಕೂ ಹೆಸರಿದೆ.

ಊಟಕ್ಕೆ ಕೂತಾಗ ತಂಗಿಗೆ ಹೇಳಿಬಿಡಬೇಕೆಂದು ನಾಲಿಗೆಯ ತುದಿಗೆ ಬಂತು. ತಡೆದುಕೊಂಡೆ. ಬದಲಿಗೆ, ಮುಂದಿನ ವರ್ಷ ಎಲ್ಲಾದರೂ ಬೆಟ್ಟಕ್ಕೆ ಹೋಗೋಣ ಎಂದೆ. ಅವಳು ತುತ್ತು ಅರ್ಧಕ್ಕೇ ನಿಲ್ಲಿಸಿ ನನ್ನನ್ನೇ ನೋಡಿದಳು.

"ಬೆಟ್ಟಕ್ಕಾ? ನಾನಾ?"

"ಯಾಕೆ, ಹೋಗಬಾರ್ದಾ?"

"ಎತ್ಕೊಂಡು ಹೋಗ್ತೀಯೇನು?" ಎಂದು ನಕ್ಕು, ಆ ನೆಲಮಹಡಿಯ ಮನೆಯ ವಿಷಯ ಮತ್ತೆ ತೆಗೆದಳು. ಬೇರೆಯವರು ಕೇಳುತ್ತಿದ್ದಾರಂತೆ. ನೋಡೋಣ ಎಂದು ಹಾರಿಸಿದೆ.

ಮೆಟ್ಟಿಲು: ಐದು ನಿಮಿಷ ಎರಡು. ಪರವಾಗಿಲ್ಲ.

ಮಾರ್ಚ್ 3, ಶುಕ್ರವಾರ

ಅಳತೆ ಮುಗಿಸುವ ಹೊತ್ತಿಗೆ ಶಾಲೆಯಿಂದ ಫೋನ್ ಬಂತು. ತಂಗಿ ತರಗತಿಯಲ್ಲಿ ಬಿದ್ದಳಂತೆ. ಏಟೇನೂ ಆಗಿಲ್ಲ. ಪಾಠದ ಭೂಗೋಳದ ಮಾದರಿಯ ಮೇಲೇ ಬಿದ್ದು ಅದರ ಕಾಲು ಮುರಿದಿದೆ, ಅಷ್ಟೇ. ಫೋನಿನಲ್ಲಿ ಅವಳೇ ಹೇಳಿದಳು: "ಪ್ರಪಂಚ ಉರುಳಿಸಿಬಿಟ್ಟೆ ಅಕ್ಕ." ಹಿಂದೆ ಮಕ್ಕಳು ನಗುವುದು ಕೇಳಿಸುತ್ತಿತ್ತು. ಆದರೆ ನೆಲದಿಂದ ಅವಳನ್ನು ಎಬ್ಬಿಸಲು ಮೂವರು ಬೇಕಾದರಂತೆ.

ಫೋನ್ ಇಟ್ಟ ಮೇಲೆ ನಾನು ಔಷಧ ಇಡುವ ಫ್ರಿಜ್ ತೆರೆದೆ. ವಾರದ ಕೊನೆಗೆ ಔಷಧ ಕೋಣೆಗೆ ವಾಪಸು ಹೋಗಬೇಕಾದ ಅರ್ಧ ಖಾಲಿಯಾದ ಸೀಸೆಗಳು ಅಲ್ಲಿದ್ದವು. ಹಳದಿ ಮುಚ್ಚಳದ್ದು ಒಂದನ್ನು ಚೀಲಕ್ಕೆ ಹಾಕಿಕೊಂಡೆ. ಪಟ್ಟಿಯಲ್ಲಿ 'ಕೈಜಾರಿ ಬಿದ್ದು ಒಡೆಯಿತು' ಎಂದು ಬರೆದು ಸಹಿ ಹಾಕಿದೆ. ಅಕ್ಷರ ನನ್ನದೇ, ನೆಟ್ಟಗೇ ಇತ್ತು.

ಮನೆಗೆ ಬಂದು ಲೆಕ್ಕ ಹಾಕಿದೆ. ಇಲಿ ಇಪ್ಪತ್ತೈದು ಗ್ರಾಂ, ಅವಳು ಐವತ್ತೆರಡು ಕಿಲೋ. ಬರೀ ತೂಕದಿಂದ ಗುಣಿಸಿದರೆ ಆಗುವುದಿಲ್ಲವೆಂದು ನನಗೆ ಗೊತ್ತು. ಈ ಸೀಸೆ ಒಂದು ದಿನಕ್ಕೂ ಸಾಲದು ಎಂಬುದೂ ಗೊತ್ತು. ಆದರೂ ಗುಣಿಸಿದೆ.

ಮಾರ್ಚ್ 5, ಭಾನುವಾರ

ಬೆಳಿಗ್ಗೆ ತಂಗಿ ಬೀಗದ ಕೈ ಹುಡುಕಲು ನನ್ನ ಚೀಲಕ್ಕೆ ಕೈ ಹಾಕಿದಳು. ಸೀಸೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು.

"ಇದೇನಕ್ಕ?"

ಸುಳ್ಳು ಹೇಳಲು ಬಾಯಿ ತೆರೆದೆ, ಬರಲಿಲ್ಲ. ಎಲ್ಲ ಹೇಳಿದೆ. ಇಲಿ, ಜೀನು, ಹಳದಿ ಮುಚ್ಚಳ, ಹದಿನೆಂಟು ಗ್ರಾಂ. ಹೇಳುತ್ತ ಹೇಳುತ್ತ ನನಗೇ ಹುರುಪು ಬಂತು. ಅವಳು ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಮೆಲ್ಲಗೆ ಬಂದು ಕುರ್ಚಿಯಲ್ಲಿ ಕೂತು ಸೀಸೆಯನ್ನು ಮೇಜಿನ ಮೇಲಿಟ್ಟಳು.

"ಹಾಗಾದ್ರೆ ಇದನ್ನ ನಾನು ಕುಡೀಬೇಕು."

"ಈಗಲೇ ಅಲ್ಲ. ಮೊದಲು..."

"ಕುಡಿದ ಮೇಲೆ ನಂಗೆ ಶಕ್ತಿ ಬಂತೋ ಇಲ್ವೋ ಅಂತ ನೋಡೋರು ಯಾರು?"

"ನಾನು."

"ಹೂಂ. ನೀನು. ದಿನಾ ಮೆಟ್ಟಿಲಿನ ಕೆಳಗೆ ಗಡಿಯಾರ ಹಿಡ್ಕೊಂಡು ನಿಂತಿರ್ತೀಯಲ್ಲ. ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ನಾನು ಅರ್ಧಕ್ಕೆ ನಿಂತ್ರೆ ನೀನು ಗಡಿಯಾರ ನಿಲ್ಲಿಸ್ತೀಯ ಅಕ್ಕ. ನಾನು ಮತ್ತೆ ಹೆಜ್ಜೆ ಇಟ್ಟಾಗ ಶುರು ಮಾಡ್ತೀಯ. ಒಂದಿನ ಅಲ್ಲ, ಎಷ್ಟೋ ಸಲ ನೋಡಿದೀನಿ."

ನಾನು ಹಾಗೆ ಮಾಡುತ್ತೇನೆಂದು ನನಗೆ ಗೊತ್ತಿರಲಿಲ್ಲ.

"ನೀನು ಅಳೆದ್ರೆ ನಾನು ಓಡ್ತಿದೀನಿ ಅಂತ ಬರೀತೀಯ," ಎಂದಳು. ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. "ಇಲಿಗಳಿಗೂ ಹಾಗೇ ಮಾಡ್ತಿದ್ಯೋ ಏನೋ, ಪಾಪ."

ಮಧ್ಯಾಹ್ನವೂ ಸೀಸೆ ಮೇಜಿನ ಮೇಲೇ ಇತ್ತು. ಅದರ ಪಕ್ಕದಲ್ಲೇ ಊಟ ಮಾಡಿದೆವು.

ಮಾರ್ಚ್ 6, ಸೋಮವಾರ

ಕೆಲಸ ಶುರುವಾಗುವ ಮೊದಲೇ ಹೋಗಿ ರಿಜಿಸ್ಟರು ತೆಗೆದೆ. 'ಬಿಟ್ಟ ಎಳೆತ'ದ ಕಾಲಂ ಎಣಿಸಿದೆ.

ಮೌನಿ ರಜೆ ಹಾಕುವ ಮೊದಲಿನ ನಾಲ್ಕು ಶುಕ್ರವಾರ: ಒಂದರಿಂದ ಐದರ ಪಂಜರಗಳಲ್ಲಿ ಎಂಟು, ಆರರಿಂದ ಹತ್ತರಲ್ಲಿ ಒಂಬತ್ತು.

ಆಮೇಲಿನ ನಾಲ್ಕು ಶುಕ್ರವಾರ: ಆರರಿಂದ ಹತ್ತರಲ್ಲಿ ಏಳು. ಒಂದರಿಂದ ಐದರಲ್ಲಿ ನಲವತ್ತಾರು.

ಮತ್ತೆ ಎಣಿಸಿದೆ. ನಲವತ್ತಾರೇ. ಹಳದಿಯ ಇಲಿ ಕಡಿಮೆ ಎಳೆದಾಗಲೆಲ್ಲ ಅದು ಸರಿಯಾಗಿ ಹಿಡಿದಿರಲಿಲ್ಲ ಎಂದು ನನಗೆ ಕಂಡಿದೆ. ಕೆಂಪಿನ ಇಲಿ ಕಡಿಮೆ ಎಳೆದಾಗ ಅದರ ಶಕ್ತಿಯೇ ಅಷ್ಟು ಎಂದು ಕಂಡಿದೆ. ಒಂದು ಸಲವೂ ಮೋಸ ಮಾಡುತ್ತಿದ್ದೇನೆ ಅನಿಸಲಿಲ್ಲ. ನನ್ನ ಕಣ್ಣಿಗೆ ಹಾಗೇ ಕಂಡಿತ್ತು.

ಮೌನಿ ಬಂದು, "ಏನಕ್ಕಾವ್ರೇ, ಬೆಳಿಗ್ಗೆ ಬೆಳಿಗ್ಗೆ ಪರೀಕ್ಷೆಗೆ ಓದ್ತಿದೀರಾ?" ಎಂದ. ಪುಟ ಅವನ ಕಡೆ ತಿರುಗಿಸಿದೆ. ಬೆರಳಿಟ್ಟುಕೊಂಡು ಕೆಳಗಿನವರೆಗೂ ಓದಿದ. ಮೊದಲ ಸಲ ಹೆಸರಿಗೆ ತಕ್ಕಂತೆ ನಿಂತಿದ್ದ.

"ಯಾರಿಗೂ ಗೊತ್ತಾಗಲ್ಲ," ಎಂದ ಕೊನೆಗೆ, ಮೆಲ್ಲಗೆ. "ಆ ಕಾಲಂ ಯಾರೂ ನೋಡಲ್ಲ."

"ನಾನು ನೋಡಿದೆನಲ್ಲ."

ಮಾರ್ಚ್ 7, ಮಂಗಳವಾರ

ಮೇಡಂ ಕೋಣೆಯಲ್ಲಿ ನಲವತ್ತು ನಿಮಿಷ ಇದ್ದೆ. ಮೊದಲು ಸೀಸೆಯನ್ನು ಮೇಜಿನ ಮೇಲಿಟ್ಟೆ, ಆಮೇಲೆ ರಿಜಿಸ್ಟರು, ಆಮೇಲೆ ತಂಗಿಯ ವಿಷಯ.

"ತಂಗಿ ವಿಷ್ಯ ಮೊದಲೇ ಹೇಳಬಹುದಿತ್ತಲ್ಲ?"

"ಅಳತೆಯಿಂದ ತೆಗೀತಿದ್ರಿ."

"ಹೌದು, ತೆಗೀತಿದ್ದೆ." ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ನಿಮ್ಮನ್ನ ಔಷಧ ಹಾಕೋಕೆ ಕಳಿಸಿದ್ದು ನನ್ನ ತಪ್ಪು. ಅದನ್ನ ನಾನು ಬರ್ಕೊಡ್ತೀನಿ. ಉಳಿದದ್ದು ನಿಮ್ಮದು."

"ಗೊತ್ತು ಮೇಡಂ."

"ನಾಲ್ಕು ಶುಕ್ರವಾರದ ಅಳತೆ ಹೋಯ್ತು. ಆ ಪ್ರಾಣಿಗಳು ನಮಗೆ ಎಲ್ಲಾ ಕೊಡ್ತವೆ. ವಾಪಸ್ ಕೊಡೋಕೆ ನಮ್ಮ ಹತ್ರ ಇರೋದು ಸರಿಯಾದ ಅಂಕಿ ಒಂದೇ. ಅದನ್ನೂ ಕೊಡಲಿಲ್ಲ ಅಂದ್ರೆ ನಾವು ಅವಕ್ಕೆ ಬರೀ ಹಿಂಸೆ ಮಾಡಿದ ಹಾಗೆ."

ಬೈದಿದ್ದರೆ ಚೆನ್ನಾಗಿತ್ತು.

ವಿಚಾರಣೆಗೆ ಸಮಿತಿ ಸೇರುತ್ತದೆ. ಕೆಲಸ ಹೋಗಬಹುದು. ಬಾಗಿಲ ಹತ್ತಿರ ಹೋದಾಗ ಮೇಡಂ ಕೇಳಿದರು, "ನಿಮ್ಮ ತಂಗಿಗೆ ಎಷ್ಟು ವರ್ಷ?" ಮೂವತ್ತೊಂಬತ್ತು ಎಂದೆ. "ನಡೀತಾರಾ?" ಸ್ವಲ್ಪ ಸ್ವಲ್ಪ ಎಂದೆ. ತಲೆಯಾಡಿಸಿದರು.

ಮಾರ್ಚ್ 14, ಮಂಗಳವಾರ

ಸಮಿತಿಯವರು ಐದು ಜನ. ಎರಡು ವರ್ಷ ಯಾವ ಅಳತೆಯನ್ನೂ ಮಾಡುವಂತಿಲ್ಲ, ಪಂಜರ ತೊಳೆಯುವ ಕೋಣೆಯಲ್ಲಿ ಕೆಲಸ. ಕೆಲಸ ಉಳಿಯಿತು. ಪಶುವೈದ್ಯರು ಪಂಜರಗಳ ನಂಬರೆಲ್ಲ ಕಲಸಿ ಬದಲಾಯಿಸಿದ್ದಾರೆ. ಇನ್ನು ಮೇಲೆ ಅಳೆಯಲು ಬೇರೆ ಕಟ್ಟಡದಿಂದ ಒಬ್ಬ ಹುಡುಗಿ ಬರುತ್ತಾಳೆ. ನನ್ನನ್ನು ಕಂಡರೆ ಅವಳಿಗೆ ಮುಜುಗರ.

ಮನೆಗೆ ಬಂದು ತಂಗಿಗೆ ಹೇಳಿದೆ. ಅವಳು ಟೀ ಮಾಡಿಟ್ಟಿದ್ದಳು, ಅರ್ಧ ಒಲೆಯ ಮೇಲೆ ಚೆಲ್ಲಿತ್ತು. ಒರೆಸಲು ಹೋದೆ. "ಬಿಡು, ನಾನು ಒರೆಸ್ತೀನಿ," ಎಂದಳು. ಬಿಟ್ಟೆ. ಕೂತು ಟೀ ಕುಡಿದೆ.

ಮಾರ್ಚ್ 26, ಭಾನುವಾರ

ಮನೆ ಬದಲಾಯಿಸಿದೆವು. ನೆಲಮಹಡಿಯ ಆ ಮನೆ ಇನ್ನೂ ಖಾಲಿ ಇತ್ತು. ಕೇಳುತ್ತಿದ್ದ ಬೇರೆಯವರು ಬರೀ ಗಣಿತದ ಟೀಚರ ಸೃಷ್ಟಿ ಎಂದು ಇವತ್ತು ಗೊತ್ತಾಯಿತು. ಸಾಮಾನು ಹೊರಲು ಮೌನಿಯೂ ಬಂದಿದ್ದ. ಸೊಂಟದ ನೆಪ ಹೇಳಿ ಒಂದು ತಟ್ಟೆಯನ್ನೂ ಎತ್ತದೆ, ಎಲ್ಲಿ ಏನಿಡಬೇಕೆಂದು ಸಂಜೆಯವರೆಗೂ ಅಪ್ಪಣೆ ಕೊಡಿಸಿದ. ತಂಗಿಗೂ ಅವನಿಗೂ ಚೆನ್ನಾಗಿ ಹೊಂದಿತು. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರದು ಶುರು.

ಗಾಲಿಕುರ್ಚಿ ಶುಕ್ರವಾರವೇ ಬಂದಿತ್ತು. ಅದರಲ್ಲಿ ಕೂತು ಅವಳು ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಕೋಣೆಗೆ ಹತ್ತು ಸಲ ಓಡಾಡಿದಳು. ಬಾಗಿಲ ಚೌಕಟ್ಟಿಗೆ ಎರಡು ಕಡೆ ಗೀರು ಬಿದ್ದಿದೆ. ಕಿಟಕಿ ಹೊರಗಿನ ಮರದಲ್ಲಿ ಅಳಿಲಿದೆ.

ಏಪ್ರಿಲ್ 11, ಮಂಗಳವಾರ

ಇವತ್ತು ಇಲಿಗಳ ಕೊನೆಯ ದಿನ. ಹನ್ನೆರಡು ವಾರ ಮುಗಿಯಿತು. ಅರಿವಳಿಕೆ ಕೊಟ್ಟು ನಿದ್ದೆಯಲ್ಲೇ ಮುಗಿಸುತ್ತಾರೆ. ಆಮೇಲೆ ಕಾಲಿನ ಸ್ನಾಯು, ಉಸಿರಾಟದ ಸ್ನಾಯು, ಹೃದಯ ತೆಗೆದು ತೆಳ್ಳಗೆ ಕತ್ತರಿಸಿ ನೋಡುತ್ತಾರೆ. ಹಿಂದೆಲ್ಲ ನಾನೇ ನಿಂತು ಮಾಡಿಸುತ್ತಿದ್ದೆ, ಮಧ್ಯಾಹ್ನ ಹೊಟ್ಟೆತುಂಬ ಊಟವನ್ನೂ ಮಾಡುತ್ತಿದ್ದೆ.

ಹನ್ನೊಂದು ಗಂಟೆಯಿಂದ ಖಾಲಿ ಪಂಜರಗಳು ತೊಳೆಯಲು ಬರತೊಡಗಿದವು. ಹೊಟ್ಟು ಕೆರೆದು ತೆಗೆದೆ, ನೀರಿನ ಸೀಸೆ ಬಿಚ್ಚಿದೆ, ಬಿಸಿನೀರಿಗೆ ಹಾಕಿದೆ. ಒಂದು ಪಂಜರದ ಮೂಲೆಯಲ್ಲಿ ಕಾಗದದ ಚೂರುಗಳನ್ನು ಕಡಿದು ಕಡಿದು ಮಾಡಿದ ಗೂಡು ಇನ್ನೂ ಬೆಚ್ಚಗಿತ್ತು. ನಂಬರು ಬದಲಾಗಿರುವುದರಿಂದ ಯಾರ ಗೂಡೆಂದು ತಿಳಿಯಲಿಲ್ಲ. ಸ್ವಲ್ಪ ಹೊತ್ತು ಕೈಯಲ್ಲಿಟ್ಟುಕೊಂಡಿದ್ದೆ.

ನಲವತ್ತು ಇಲಿಗಳ ಪಂಜರವೆಲ್ಲ ಒಂದೇ ಸಲ ಬಂದಿದ್ದಕ್ಕೆ ಬೆನ್ನು ನೋವು.

ಮೇ 18, ಗುರುವಾರ

ಯಾವ ಮುಚ್ಚಳ ಯಾವುದೆಂಬ ಗುಟ್ಟು ಒಡೆದರು. ಮೇಡಂ ನನ್ನನ್ನೂ ಕರೆಸಿದ್ದರು. ನಾನು ಬರುತ್ತೇನೆಂದು ಯಾರೂ ಅಂದುಕೊಂಡಿರಲಿಲ್ಲವೇನೋ, ಕುರ್ಚಿ ಇರಲಿಲ್ಲ. ಗೋಡೆಗೆ ಒರಗಿ ನಿಂತೆ.

ಔಷಧ ಕೋಣೆಯವರು ಲಕೋಟೆ ಹರಿದು ಓದಿದರು. ಕೆಂಪು ಮುಚ್ಚಳ ಔಷಧ. ಹಳದಿ ಮುಚ್ಚಳ ಸಾದಾ ದ್ರಾವಣ.

ತಪ್ಪು ಕೇಳಿಸಿಕೊಂಡೆ ಎಂದುಕೊಂಡು, "ಹಳದಿ ಕಹಿ ಇತ್ತಲ್ಲ?" ಎಂದುಬಿಟ್ಟೆ.

"ಔಷಧ ಸ್ವಲ್ಪ ಕಹಿ. ರುಚಿಯಿಂದ ಗುರುತು ಸಿಗಬಾರ್ದು ಅಂತ ಸಾದಾ ದ್ರಾವಣಕ್ಕೂ ಕಹಿ ಬೆರೆಸಿದ್ವಿ," ಎಂದರು ಅವರು. "ಬೆರೆಸೋವಾಗ ಕೈ ಸ್ವಲ್ಪ ಮುಂದಾಗಿತ್ತು ಅಂತ ಕಾಣುತ್ತೆ."

ಎಲ್ಲರೂ ಹೋದ ಮೇಲೆ ಮೇಡಂ ಎರಡು ಹಾಳೆ ತೋರಿಸಿದರು. ಒಂದು ನನ್ನ ನಾಲ್ಕು ಶುಕ್ರವಾರಗಳದ್ದು: ಅದರಲ್ಲಿ ಔಷಧ ಕುಡಿದ ಇಲಿಗಳು ಸಾದಾ ನೀರು ಕುಡಿದವಕ್ಕಿಂತ ಎಷ್ಟೋ ದುರ್ಬಲ. "ನೀವು ಬಾಯಿ ಬಿಡದೇ ಇದ್ದಿದ್ರೆ ನಾನು ಇದನ್ನೇ ನಂಬ್ತಿದ್ದೆ. ಔಷಧನ ಇಲ್ಲಿಗೇ ನಿಲ್ಲಿಸಿಬಿಡ್ತಿದ್ದೆ." ಇನ್ನೊಂದು ಹಾಳೆ ಆ ಹುಡುಗಿಯ ಅಳತೆ ಮತ್ತು ಅಂಗಾಂಶದ ಚಿತ್ರ. ಕೈಕಾಲಿನ ಶಕ್ತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆದರೆ ಕೆಂಪಿನವುಗಳ ಹೃದಯದಲ್ಲಿ ಗಾಯದ ಗುರುತು ಕಡಿಮೆ, ಅರ್ಧದಷ್ಟು. ಉಸಿರಾಟದ ಸ್ನಾಯುವಿನಲ್ಲೂ ಕಡಿಮೆ.

"ಮುಂದಕ್ಕೆ ಹೋಗೋ ಅಷ್ಟು ಇದೆ," ಎಂದರು. ಅವರು ನಗುವುದನ್ನು ತಿಂಗಳುಗಳ ನಂತರ ನೋಡಿದೆ.

ಮನೆಗೆ ಬಂದು ತಂಗಿಗೆ ಹೇಳಿದಾಗ ಅವಳು ಮೊದಲು ಬಿದ್ದು ಬಿದ್ದು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು. "ಕಹಿ ನೀರು! ಕದ್ದು ತಂದಿದ್ದೂ ತಂದೆ, ಕಹಿ ನೀರು ತಂದ್ಯಲ್ಲೇ ಅಕ್ಕ!" ನನಗೂ ನಗು ಬಂತು. ಆಮೇಲೆ ಅವಳು ಕಣ್ಣೊರೆಸಿಕೊಂಡು ಕೇಳಿದಳು.

"ನಿಜವಾದ ಔಷಧ ನಂಗೆ ಸಿಗುತ್ತಾ?"

"ಮತ್ತೆ ಇಲಿ ಮೇಲೆ ನೋಡ್ಬೇಕು, ಜಾಸ್ತಿ ಇಲಿ. ಆಮೇಲೆ ಬೇರೆ ಪ್ರಾಣಿ. ಆಮೇಲೆ ಜನ. ಎಲ್ಲಾ ಸರಿಹೋದ್ರೂ ಹತ್ತು ವರ್ಷ. ಸರಿಹೋಗದೇನೂ ಇರಬಹುದು."

ಇಷ್ಟು ನೇರವಾಗಿ ಹೇಳಬಾರದಿತ್ತೇನೋ. ಅವಳು ಸ್ವಲ್ಪ ಹೊತ್ತು ಗಾಲಿಯ ಮೇಲೆ ಕೈಯಾಡಿಸುತ್ತ ಕೂತಿದ್ದಳು.

"ನಂಗಾಗ ಐವತ್ತು," ಎಂದಳು. "ಆಯ್ತು. ಯಾರಿಗಾದ್ರೂ ಸಿಗುತ್ತಲ್ಲ." ಅಳಲಿಲ್ಲ. ನಾನು ಅತ್ತೆ. ಅವಳು ನನ್ನ ಕೈ ಹಿಡಿದುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು.

ಜೂನ್ 9, ಶುಕ್ರವಾರ

ತಂಗಿ ಆಸ್ಪತ್ರೆಯ ದಾಖಲೆಗೆ ಹೆಸರು ಕೊಟ್ಟಿದ್ದಾಳೆ. ಈ ಕಾಯಿಲೆಯವರ ಶಕ್ತಿ ವರ್ಷ ವರ್ಷ ಹೇಗೆ ಇಳಿಯುತ್ತದೆಂದು ಬರೆದಿಡುತ್ತಾರೆ. ಮುಂದೆ ಯಾವುದಾದರೂ ಔಷಧ ಜನರ ಮೇಲೆ ಪರೀಕ್ಷೆಗೆ ಬಂದಾಗ, ಔಷಧವಿಲ್ಲದೆ ಹೇಗಿರುತ್ತಿತ್ತು ಎಂದು ಹೋಲಿಸಲು ಅದು ಬೇಕು. ನಾನು ಹೇಳಿದ್ದಲ್ಲ. ಎಲ್ಲಿಂದಲೋ ಅವಳೇ ತಿಳಿದುಕೊಂಡು ಬಂದಳು.

ಇವತ್ತು ಮೊದಲ ಅಳತೆಗೆ ಆಸ್ಪತ್ರೆಗೆ ಹೋದೆವು. ಅಳೆಯುವ ವ್ಯಾಯಾಮ ಚಿಕಿತ್ಸಕಿ ಎಳೆಯ ಹೆಂಗಸು, ಕತ್ತಿನಲ್ಲಿ ಗಡಿಯಾರ. "ಮನೆಯವರೂ ಒಳಗೆ ಬರಬಹುದು," ಎಂದಳು.

"ಬೇಡ, ಇವಳು ಬೇಡ," ಎಂದಳು ತಂಗಿ. "ಇವಳು ಎದುರಿಗಿದ್ರೆ ಗಡಿಯಾರ ನಿಧಾನ ಹೋಗುತ್ತೆ."

ಆ ಹೆಂಗಸಿಗೆ ಅರ್ಥವಾಗಲಿಲ್ಲ. ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಒಬ್ಬ ಮುದುಕಿ ಸ್ವೆಟರು ಹೆಣೆಯುತ್ತಿದ್ದಳು. ಮಗನನ್ನು ಕರೆತಂದಿದ್ದಾಳಂತೆ, ಅವನಿಗೂ ಇಂಥದೇ ಸ್ನಾಯುವಿನ ಕಾಯಿಲೆ, ಬಗೆ ಬೇರೆ. ಹದಿನಾರು ವರ್ಷದಿಂದ ಬರುತ್ತಿದ್ದಾಳೆ. ತೋಳು ಜೋಡಿಸುವಾಗ ಹೊಲಿಗೆ ಬಿಗಿಯಾಗದಂತೆ ಹೇಗೆ ಹೆಣೆಯಬೇಕೆಂದು ತೋರಿಸಿಕೊಟ್ಟಳು. ಎರಡು ಸಾಲು ನಾನೂ ಹೆಣೆದೆ. ನನ್ನದು ಬಿಗಿಯಾಯಿತು. ಬಿಚ್ಚಿದಳು.

ಬಾಗಿಲು ತೆರೆದಾಗ ತಂಗಿಯ ಮುಖ ಕೆಂಪಾಗಿತ್ತು, ಹಣೆಯಲ್ಲಿ ಬೆವರು. ಹಸಿವು ಎಂದಳು. ಎದುರಿನ ಹೋಟೆಲಿನ ಮುಂದೆ ಎರಡು ಮೆಟ್ಟಿಲಿದ್ದವು. ಅಲ್ಲಿನ ಮಾಲೀಕ ಹಿಂಬಾಗಿಲಿಂದ ಬನ್ನಿ ಎಂದು ಅಡುಗೆಮನೆಯ ನಡುವೆಯೇ ನಮ್ಮನ್ನು ಕರೆದೊಯ್ದ. ತಂಗಿ ಹೋಗುತ್ತ ಹೋಗುತ್ತ ಪ್ರತಿಯೊಂದು ಪಾತ್ರೆಯ ಮುಚ್ಚಳ ತೆಗೆಸಿ ನೋಡಿ, ಆಮೇಲೆ ಏನು ಬೇಕೆಂದು ಹೇಳಿದಳು. ಇಬ್ಬರೂ ಬಹಳ ತಿಂದೆವು. ಭೂಗೋಳಕ್ಕೆ ಹೊಸ ಕಾಲು ಬಂದ ಕಥೆ, ಮುಖ್ಯೋಪಾಧ್ಯಾಯರು ಅದನ್ನು ತಲೆಕೆಳಗೆ ಜೋಡಿಸಿದ ಕಥೆ, ಎಲ್ಲ ಹೇಳಿದಳು.

ಮನೆಗೆ ಬಂದು ಕೈಕಾಲು ತೊಳೆಯುವಾಗ ನೆನಪಾಯಿತು, ಅಳತೆ ಎಷ್ಟು ಬಂತೆಂದು ಕೇಳಲೇ ಇಲ್ಲ. ಹೋಗಿ ನೋಡಿದರೆ ಅವಳಿಗೆ ಆಗಲೇ ನಿದ್ದೆ ಹತ್ತಿತ್ತು. ಹೊದಿಕೆ ಸರಿಮಾಡಿ ಬಂದೆ.

ನಾಳೆ ಎರಡನೇ ಸುತ್ತಿನ ಇಲಿಗಳು ಬರುತ್ತವೆ. ಎಂಬತ್ತು. ಪಂಜರಗಳೆಲ್ಲ ತೊಳೆದಾಗಿದೆ.